ಹದಿನಾಲ್ಕು ಫೋಟೋಗಳ ಕೂಗು

ಉಳಿದ ಕ್ಯಾಮೆರಾಗಳು ಮಲಗಿರುತ್ತವೆ. ನಮ್ಮದು ನಿಂತಿರುತ್ತದೆ. ಮೇಜಿನ ಮೇಲಿಟ್ಟರೆ ಯಾರೋ ಎಣ್ಣೆಯ ಡಬ್ಬಿ ಮರೆತುಹೋದಂತೆ ಕಾಣುತ್ತದೆ. ಮುಂದೆ ದಪ್ಪ ಲೆನ್ಸು, ಹಿಂದೆ ಕಣ್ಣಿಡಲು ರಬ್ಬರಿನ ಬಟ್ಟಲು, ಬಲಕ್ಕೆ ಅಂಗೈ ತೂರಿಸುವ ಪಟ್ಟಿ. ಒಂದೇ ಕೈಯಲ್ಲಿ ಹಿಡಿಯಬೇಕು. ಬೆರಳಿಗೆ ಸಿಗುವ ಗುಂಡಿ ಒತ್ತಿದರೆ ಲೆನ್ಸು ಝುಂಯ್ ಎನ್ನುತ್ತ ದೂರದ್ದನ್ನು ಹತ್ತಿರಕ್ಕೆ ತರುತ್ತದೆ. ಒಳಗೆ ರೀಲು ಅಡ್ಡಡ್ಡ ಓಡುವುದಿಲ್ಲ, ಉದ್ದಕ್ಕೆ ಇಳಿಯುತ್ತದೆ. ಒಂದು ಫೋಟೋದ ಜಾಗದಲ್ಲಿ ಎರಡು ಹಿಡಿಯುವುದರಿಂದ ಮೂವತ್ತಾರರ ರೀಲಿಗೆ ಎಪ್ಪತ್ತೆರಡು ಸಿಗುತ್ತವೆ. ಕ್ಲಿಕ್ಕಿಸುವ ಬೆರಳನ್ನು ಎತ್ತದೆ ಹಾಗೇ ಇಟ್ಟರೆ ಟರ್ರ್ ಎಂದು ಒಂದರ ಹಿಂದೊಂದು ಹೊಡೆಯುತ್ತಲೇ ಇರುತ್ತದೆ.

ಇದನ್ನು ಯಾರೇ ನೋಡಲಿ, ವಿಡಿಯೋ ಕ್ಯಾಮೆರಾ ಅನ್ನುತ್ತಾರೆ. ಅಲ್ಲ. ಇದರಲ್ಲಿ ಏನೂ ಅಲುಗಾಡುವುದಿಲ್ಲ, ಏನೂ ಮಾತಾಡುವುದಿಲ್ಲ.

ನನ್ನ ಅಪ್ಪ ದೇವಿಂದ್ರ ಇದನ್ನು ಕೊಂಡದ್ದು ನಾನು ಹುಟ್ಟುವ ಮೊದಲು, ವಾಡಿ ಜಂಕ್ಷನ್ನಿನಲ್ಲಿ, ಮುಂಬೈ ಗಾಡಿಯ ಗಾರ್ಡ್ ಒಬ್ಬರಿಂದ. ಆಗ ಸ್ಟೇಷನ್ ರಸ್ತೆಯಲ್ಲಿ ಅಪ್ಪನಿಗೆ ಸಾರನಾಥ ಫೋಟೋ ಸ್ಟುಡಿಯೋ ಅಂತ ಒಂದು ಕೋಣೆ ಇತ್ತು. ಬೋರ್ಡು ಬರೆದ ಅಮೃತಪ್ಪ ಈ ಕ್ಯಾಮೆರಾವನ್ನೇ ಎದುರಿಗಿಟ್ಟುಕೊಂಡು ಚಿತ್ರ ಬಿಡಿಸಿದ. ಪಕ್ಕದಲ್ಲಿ ಜಾಗ ಉಳಿಯಿತು ಅಂತ ತನ್ನ ಖುಷಿಗೆ ಒಂದು ಕ್ಯಾಸೆಟ್ಟನ್ನೂ ಬರೆದ. ಅಂದಿನಿಂದ ಅಪ್ಪ ವಿಡಿಯೋ ದೇವಿಂದ್ರ. ಸ್ಟುಡಿಯೋ ಮುಚ್ಚಿ ಹದಿನೈದು ವರ್ಷವಾಗಿದೆ, ಹೆಸರು ಮಾತ್ರ ಮುಚ್ಚಿಲ್ಲ.

ಮದುವೆಗೆ ಕರೆಯುವವರಿಗೆ ಅಪ್ಪ ಮೊದಲೇ ಬಿಡಿಸಿ ಹೇಳುತ್ತಿದ್ದನಂತೆ: ಇದು ಫೋಟೋ, ವಿಡಿಯೋ ಅಲ್ಲ. ಆದರೆ ಮಂಟಪದಲ್ಲಿರುವ ಇನ್ನೂರು ಜನರಿಗೆ ಯಾರು ಹೇಳುತ್ತಾರೆ? ಬೇರೆ ಕ್ಯಾಮೆರಾದ ಮುಂದೆ ತಹಶೀಲ್ದಾರರ ಎದುರು ನಿಂತಂತೆ ನಿಲ್ಲುವ ಮಂದಿ, ಇದನ್ನು ಕಂಡ ಕೂಡಲೇ ನಡೆದಾಡುತ್ತಿದ್ದರು, ಕೈಬೀಸುತ್ತಿದ್ದರು, ಪಕ್ಕದವರ ಜೊತೆ ಸುಮ್ಮಸುಮ್ಮನೆ ಮಾತು ತೆಗೆಯುತ್ತಿದ್ದರು. ಹಾಗಾಗಿ ಆ ಕಾಲದ ಅಪ್ಪನ ಫೋಟೋಗಳಲ್ಲಿ ಎಲ್ಲರ ಬಾಯಿಯೂ ತೆರೆದಿದೆ. ನನಗೆ ಅವು ಬಹಳ ಇಷ್ಟ.

ಈಗ ಕ್ಯಾಮೆರಾ ನನ್ನದು. ನಾನು ಚಿತ್ತಾಪುರದ ಹೈಸ್ಕೂಲಿನಲ್ಲಿ ಚಿತ್ರಕಲೆ ಕಲಿಸುತ್ತೇನೆ. ರೀಲುಗಳನ್ನು ಅಂಚೆಯಲ್ಲಿ ತರಿಸಿಕೊಂಡು ರಜೆಯ ದಿನ ಶಹಾಬಾದದ ಕಲ್ಲುಗಣಿ, ಕೋಡ್ಲಾದ ಸಿಮೆಂಟ್ ದೂಳು ಮೆತ್ತಿದ ಬೂದಿಬಣ್ಣದ ಬೇವಿನಮರ, ಚಿಂಚೋಳಿಯ ಕಾಡಿನ ರಸ್ತೆ ಅಂತ ತಿರುಗುತ್ತೇನೆ. ಕಳೆದ ತಿಂಗಳು ಗಣಿಯಲ್ಲಿ ಹಾಸುಗಲ್ಲು ಎಬ್ಬಿಸುತ್ತಿದ್ದ ಒಬ್ಬ ಮುದುಕ ಹಾರೆ ನಿಲ್ಲಿಸಿ ಕೇಳಿದ: "ಯಾವ ಚಾನೆಲ್‌ದಾಕಿ ಇದ್ದೀಯವ್ವಾ?" ಚಾನೆಲ್ ಇಲ್ಲ ಎಂದೆ. "ಹಂಗಾರ ಸುಮ್ನ ಯಾಕ ನಗಲಿ?" ಎಂದು ಮತ್ತೆ ಹಾರೆ ಎತ್ತಿದ.

ಸನ್ನತಿಯ ಹಣಮಮ್ಮ ಬಂದದ್ದು ಅದರ ಮುಂದಿನ ಭಾನುವಾರ.

ಬೆಳಗಿನ ಹತ್ತು ಗಂಟೆ. ಅವ್ವ ರಮಾಬಾಯಿ ಅಂಗಳದಲ್ಲಿ ಜೋಳ ಕೇರುತ್ತಿದ್ದಳು. ಎಪ್ಪತ್ತು ದಾಟಿದ ಒಬ್ಬ ಎತ್ತರದ ಹೆಂಗಸು, ಅವಳ ಹಿಂದೆ ನಲವತ್ತರ ಒಬ್ಬ ಗಂಡಸು, ಬಾಗಿಲಲ್ಲಿ ನಿಂತರು.

"ವಿಡಿಯೋ ದೇವಿಂದ್ರಪ್ಪನ ಮನಿ ಇದೇ ಹೌದಲ್ಲಬೇ?"

"ಹೌದ್ರಿ. ಬರ್ರಿ, ಕುಂದ್ರಿ. ಎಲ್ಲಿಂದ ಬಂದೀರಿ?"

"ಸನ್ನತಿಯಿಂದ. ಖಂಡಪ್ಪನ ಹೇಣ್ತಿ ನಾ. ಹರಗೋಲು ಹಾಕ್ತಿದ್ನಲ್ಲ, ಆ ಖಂಡಪ್ಪ."

ಒಳಗೆ ಗಡ್ಡ ಬೋಳಿಸಿಕೊಳ್ಳುತ್ತಿದ್ದ ಅಪ್ಪನ ಕೈ ನಿಂತದ್ದು ನನಗೆ ಕನ್ನಡಿಯಲ್ಲಿ ಕಾಣಿಸಿತು. ಅರ್ಧ ಮುಖದ ಸಾಬೂನು ಒರೆಸಿಕೊಳ್ಳದೆಯೇ ಅಪ್ಪ ಹೊರಗೆ ಬಂದ.

"ಅಕ್ಕಾರ," ಎಂದ.

ಹಣಮಮ್ಮ ಅವನನ್ನು ಮೇಲಿಂದ ಕೆಳಗೆ ನೋಡಿದಳು. "ಮುದಕ ಆಗೀಯಲ್ಲೋ ತಮ್ಮಾ. ಅವತ್ತು ಹುಂಜದಂಗ ಇದ್ದಿ." ಚಹಾ ಬರುವವರೆಗೂ ಕಾಯಲಿಲ್ಲ. "ನೋಡು, ನಮ್ಮಂವ ಹೋಗಿ ಹನ್ನೊಂದ ವರ್ಷ ಆತು. ಅವನ ಅವಾಜ್ ನಿನ್ನ ಕಡಿ ಅದ. ಅದು ನನಗ ಬೇಕು."

ಜೊತೆಗೆ ಬಂದವನು ಅವಳ ಮೈದುನನ ಮಗ ಅಣವೀರ. ಊರಿನಲ್ಲಿ ಟ್ರ್ಯಾಕ್ಟರ್ ಹೊಡೆಯುತ್ತಾನೆ. ಅವನು ಜೇಬಿನಿಂದ ಮೊಬೈಲ್ ತೆಗೆದು ವಿವರಿಸಿದ. "ಏನಿಲ್ರಿ ಕಾಕಾ, ದೊಡ್ಡವ್ವಗ ಫೋನ್ ಕೊಡಿಸೀನಿ. ರಿಂಗಿಗಿ ಯಾವ ಹಾಡು ಹಾಕಿದ್ರೂ ಇದು ನಂದಲ್ಲ ಅಂತ ಎತ್ತಂಗಿಲ್ಲ. ದೊಡ್ಡಪ್ಪನ ಕೂಗು ಹಾಕಿದ್ರ ಎತ್ತತೀನಿ ಅಂತಾಳ. ಕ್ಯಾಸೆಟ್ಟಿನ್ಯಾಗಿಂದು ಮೊಬೈಲಿಗೆ ಹಾಕಲಿಕ್ಕಿ ಬರ್ತದ್ರಿ, ಕಲಬುರಗ್ಯಾಗ ಮಾಡಿಕೊಡ್ತಾರ."

"ಮಣ್ಣ ಕೊಡೂ ದಿನಾ ಎಲ್ಲಾರೂ ಅಳ್ತಿದ್ರು," ಹಣಮಮ್ಮ ಅವ್ವನ ಕಡೆಗೆ ತಿರುಗಿ ಹೇಳಿದಳು. "ನಾ ಅಂದೆ, ಯಾಕ ಅಳ್ತೀರಿ, ಅವಾಜ್ ವಾಡ್ಯಾಗ ಹುಷಾರಾಗಿ ಅದ. ಬೇಕಾದಾಗ ತರೋಣು. ನಾ ಒಂದ ಹನಿ ಕಣ್ಣೀರು ಹಾಕಿಲ್ಲವ್ವಾ."

ಅಪ್ಪ ನೆಲದ ಶಹಾಬಾದಿ ಕಲ್ಲನ್ನು ನೋಡುತ್ತಿದ್ದ. ಒಂದೇ ಮಾತಿನ ಕೆಲಸ. ಅವಾಜ್ ಇಲ್ಲ ಅಂತ ಆಗಲೇ ಹೇಳಿಬಿಡಬಹುದಿತ್ತು. "ಹುಡುಕಬೇಕಾಗ್ತದ ಅಕ್ಕಾರ," ಎಂದ. "ಮುಂದಿನ ಐತವಾರ ನಾನೇ ಸನ್ನತಿಗಿ ತರ್ತೀನಿ."

"ಖರೇ?"

"ಖರೇ."

ಅವರು ಹೋದ ಮೇಲೆ ಅಪ್ಪ ಉಳಿದರ್ಧ ಗಡ್ಡವನ್ನು ಬೋಳಿಸಿಕೊಳ್ಳಲು ಅರ್ಧ ಗಂಟೆ ತೆಗೆದುಕೊಂಡ. ಆಮೇಲೆ ನಮ್ಮಿಬ್ಬರನ್ನೂ ಕೂರಿಸಿಕೊಂಡು ಹೇಳಿದ.

ಅದು ತೊಂಬತ್ತೈದನೆಯ ಇಸವಿ. ಭೀಮೆಯ ಆಚೆ ದಂಡೆಯ ಒಂದು ಊರಲ್ಲಿ ಮದುವೆ. ಆಗ ಸೇತುವೆ ಇರಲಿಲ್ಲ, ದಾಟಲು ಖಂಡಪ್ಪನ ಹರಗೋಲು ಒಂದೇ. ಖಂಡಪ್ಪನ ಗಂಟಲು ಎರಡು ದಂಡೆಗೂ ಗೊತ್ತಿತ್ತು. ಆಚೆ ಯಾರಾದರೂ ಬಂದು ನಿಂತು ಕೈಯೆತ್ತಿದರೆ ಈಚೆಯಿಂದ ಅವನು ಒಂದೇ ಉಸಿರಿನಲ್ಲಿ ಕೂಗುತ್ತಿದ್ದ: ನಿಂದರ್‍ರೋ, ಬಂದ್ನೋ. ಅವಸರಕ್ಕೆ ಬಿದ್ದು ಅವರು ನೀರಿಗೆ ಇಳಿಯಬಾರದು, ಬೇಸರ ಬಂದು ತಿರುಗಿ ಹೋಗಲೂಬಾರದು. ಅಷ್ಟಕ್ಕೇ ಆ ಕೂಗು.

ಅಪ್ಪ ಕ್ಯಾಮೆರಾ ಹಿಡಿದು ಹರಗೋಲಿನಲ್ಲಿ ಕೂತಿದ್ದಾನೆ. ಇಪ್ಪತ್ತೆಂಟರ ವಯಸ್ಸು, ಇಸ್ತ್ರಿ ಮಾಡಿದ ಅಂಗಿ. ಖಂಡಪ್ಪ ನೋಡಿದ್ದೇ, "ವಿಡಿಯೋ ಸಾಹೇಬ್ರ, ನೀವು ನಡುವ ಕುಂದ್ರಿ, ನೀರು ಸಿಡೀತದ," ಎಂದ. ಹರಗೋಲಿನಲ್ಲಿದ್ದ ಮಂದಿಯೆಲ್ಲ ಸರಿದು ಜಾಗ ಬಿಟ್ಟರು. ಅವರಲ್ಲಿ ಊರಿನ ದೊಡ್ಡ ಮನೆಯವರೂ ಇದ್ದರು.

"ಅಲ್ಲೀತನಕ ನನಗ ಯಾರೂ ಜಾಗಾ ಬಿಟ್ಟಿರಲಿಲ್ಲ," ಎಂದ ಅಪ್ಪ. "ಸಾಹೇಬ್ರ ಅಂತ ಯಾರು ಕರೀಬೇಕು ನನ್ನ?"

ಆಗ ಆಚೆ ದಂಡೆಯಲ್ಲಿ ಮದುವೆಯ ಮಂದಿ ಬಂದು ನಿಂತರು. ಖಂಡಪ್ಪ ನೀರಿನಲ್ಲಿ ಮೊಳಕಾಲವರೆಗೆ ಇಳಿದು ಕೇಳಿದ: "ಸಾಹೇಬ್ರ, ಇದರಾಗ ಅವಾಜ್ ಹಿಡೀತದೇನ್ರಿ?" ಅಪ್ಪ ಹಿಡಿಯುತ್ತದೆ ಎಂದ. "ಹಂಗಾರ ನಂದು ಹಿಡೀರಿ." ಕೈಗಳನ್ನು ಬಾಯಿಯ ಸುತ್ತ ಇಟ್ಟು ಖಂಡಪ್ಪ ಕೂಗಿದ. ಅವನು ಉಸಿರೆಳೆದಾಗಲೇ ಅಪ್ಪ ಲೆನ್ಸನ್ನು ಅವನ ಎದೆ, ಮುಖದ ತನಕ ಎಳೆದು, ಕೂಗು ಮುಗಿಯುವವರೆಗೂ ಬೆರಳೆತ್ತದೆ ಒತ್ತಿ ಹಿಡಿದ. ಟರ್ರ್ ಎಂಬ ಸದ್ದಿಗೆ ಖಂಡಪ್ಪನಿಗೆ ಪೂರಾ ನಂಬಿಕೆ ಬಂತು. ದಂಡೆಯಲ್ಲಿ ಬಟ್ಟೆ ಒಗೆಯುತ್ತಿದ್ದ ಹೆಂಡತಿಗೆ ಹೇಳಿದ, "ಹಣಮೀ, ನನ್ನ ಅವಾಜ್ ಡಬ್ಬ್ಯಾಗ ಹೋತು ನೋಡು."

ದಾಟಿಸಿದ ಮೇಲೆ ಅವನು ಅಪ್ಪನ ಕೈಯಿಂದ ಏನೂ ತೆಗೆದುಕೊಳ್ಳಲಿಲ್ಲ.

"ಫೋಟೋನಾದ್ರೂ ಕೊಡಬಾರದಿತ್ತೇನಪ್ಪಾ?"

"ಕೊಟ್ಟಿದ್ರ ವಿಡಿಯೋ ಅಲ್ಲ ಅಂತ ಗೊತ್ತಾಗ್ತಿತ್ತು."

"ಆಮ್ಯಾಲ ಭೇಟಿ ಆದಾಗ?"

"ನಾಕೈದ ಸಲ ಆದ. ಪ್ರತಿ ಸಲ ಕೇಳ್ತಿದ್ದ, ಸಾಹೇಬ್ರ ನನ್ನ ಅವಾಜ್ ಹುಷಾರಾಗಿ ಅದಲ್ರಿ ಅಂತ. ಅದ ಅಂತಿದ್ದೆ. ಬ್ರಿಡ್ಜ್ ಆದ ಮ್ಯಾಲ ಆ ಕಡಿ ಹೋಗೂದೇ ಬಿಟ್ಟೆ."

ಅವ್ವ ಮೊರವನ್ನು ಬದಿಗಿಟ್ಟಳು. "ಮೂವತ್ತ ವರ್ಷ ಸಾಹೇಬ ಆಗಿದ್ರಿ. ಸಾಕು, ಈಗ ಇಳೀರಿ ಕೆಳಗ."

ಆದರೆ ಅಪ್ಪ ಇಳಿಯುವ ಮೊದಲು ಇನ್ನೊಂದು ಮೆಟ್ಟಿಲು ಹತ್ತಿದ. ಬುಧವಾರ ಸಂಜೆ ನಾನು ಶಾಲೆಯಿಂದ ಬಂದಾಗ ಪಡಸಾಲೆಯಲ್ಲಿ ಚಾಂದ್ ಕಾಕಾ ಕೂತಿದ್ದರು. ವಾಡಿಯ ಪ್ಲಾಟ್‌ಫಾರ್ಮಿನಲ್ಲಿ ಮೂವತ್ತೈದು ವರ್ಷ ಚಹಾ ಮಾರಿದವರು. ಒಂದನೇ ಪ್ಲಾಟ್‌ಫಾರ್ಮಿನಲ್ಲಿ ಅವರು ಚಾಯ್ ಎಂದರೆ ನಾಲ್ಕನೆಯದರಲ್ಲಿ ಮಲಗಿದ್ದವರು ಎದ್ದು ಚಿಲ್ಲರೆ ಹುಡುಕುತ್ತಿದ್ದರು.

"ಅಂಥಾ ಗಂಟಲು ಈ ತಾಲೂಕಿನ್ಯಾಗ ಎರಡೇ ಇದ್ದವು," ಎಂದ ಅಪ್ಪ ನನ್ನ ಮುಖ ನೋಡದೆ. "ಒಂದು ಹೋತು."

"ಅಪ್ಪಾ, ಸತ್ತವರ ಬಾಯಾಗ ಚಾಂದ್ ಕಾಕಾನ ಅವಾಜ್ ಇಡ್ತೀರೇನು?"

"ಆಕಿ ಖುಷಿ ಆಗ್ತಾಳಲ್ಲ, ಲುಂಬಿನಿ. ಯಾರಿಗಿ ಲುಕ್ಸಾನ ಅದ ಹೇಳು?"

ಚಾಂದ್ ಕಾಕಾ ಟೋಪಿ ಸರಿಮಾಡಿಕೊಂಡರು. "ಬೇಟಿ, ನಾನು ಬರೇ ಒದರಾಂವ. ಪಾಪ ಏನಿದ್ರೂ ನಿಮ್ಮಪ್ಪಂದು."

ನಾನೂ ಹೋದೆ. ಬೇಡ ಎನ್ನುತ್ತಲೇ ಹೋದೆ. ಊರ ಹೊರಗೆ ನೀರು ತುಂಬಿದ ಒಂದು ಹಳೆಯ ಗಣಿ ಇದೆ. ಹೊಳೆಯ ಹಾಗೆ ಕೇಳಿಸಲಿ ಅಂತ ಅಪ್ಪ ಅಲ್ಲಿಗೇ ಕರೆದುಕೊಂಡು ಹೋದ. ಮೊದಲ ಸಲ ಚಾಂದ್ ಕಾಕಾ ಕೂಗಿದಾಗ ಗೂಡ್ಸ್ ಗಾಡಿ ಬಂತು. ಎರಡನೆಯ ಸಲ ಅಭ್ಯಾಸಬಲದಿಂದ ಕೊನೆಗೆ 'ಗರಂ' ಸೇರಿಕೊಂಡಿತು. ಮೂರನೆಯದು ಸರಿಯಾಯಿತು. ನಿಂದರ್‍ರೋ, ಬಂದ್ನೋ. ಕಲ್ಲಿನ ಗೋಡೆಗಳಿಗೆ ಬಡಿದು ಮರಳಿ ಬಂದ ಆ ಕೂಗಿಗೆ ಅಪ್ಪನ ಮೈ ಜುಮ್ಮೆಂದಿತು. "ಅವನೇ," ಎಂದ. ಅವನಿಗೆ ನಿಜವಾಗಿಯೂ ಹಾಗೆ ಕೇಳಿಸಿತ್ತು.

ಮರುದಿನ ಬೆಳಿಗ್ಗೆ ನಾನು ಅಟ್ಟದ ಮೇಲಿನ ಟ್ರಂಕು ಇಳಿಸಿದೆ. ತೊಂಬತ್ತೈದರ ಲಕೋಟೆಗಳಲ್ಲಿ ನಾಲ್ಕನೆಯದರಲ್ಲಿ ಖಂಡಪ್ಪ ಸಿಕ್ಕ. ನಮ್ಮ ಕ್ಯಾಮೆರಾದ ನೆಗೆಟಿವ್ ಪಟ್ಟಿಯನ್ನು ಉದ್ದಕ್ಕೆ ಇಳಿಬಿಟ್ಟು ಹಿಡಿಯಬೇಕು, ಚಿತ್ರಗಳು ಒಂದರ ಕೆಳಗೊಂದು ಬರುತ್ತವೆ. ಕಿಟಕಿಯ ಬೆಳಕಿಗೆ ಹಿಡಿದು ಎಣಿಸಿದೆ, ಹದಿನಾಲ್ಕು. ಹದಿನಾಲ್ಕೂ ಒಂದೇ ಮುಖ. ಮೊದಲನೆಯದರಲ್ಲಿ ಬಾಯಿ ಮುಚ್ಚಿದೆ, ಎದೆ ಉಬ್ಬಿದೆ. ನಡುವಿನವುಗಳಲ್ಲಿ ತುಟಿ ಗುಂಡಗೆ, ಆಮೇಲೆ ಅಗಲ. ಕೊನೆಯದರಲ್ಲಿ ಕೈಗಳು ಕೆಳಗಿಳಿದಿವೆ, ಅವನು ಆಚೆ ದಂಡೆಯನ್ನು ನೋಡುತ್ತಿದ್ದಾನೆ. ಕಲಬುರಗಿಯ ಲ್ಯಾಬಿಗೆ ಕೊಟ್ಟು ಅಂಗೈಯಗಲದ ಪ್ರಿಂಟು ಮಾಡಿಸಿದೆ. ಶನಿವಾರ ರಾತ್ರಿ ಊಟದ ಹೊತ್ತಿಗೆ ಅಪ್ಪನ ಮುಂದಿಟ್ಟೆ.

"ಇವನ್ನ ಕೊಡ್ರಿ. ಖರೇ ಹೇಳ್ರಿ."

ಅಪ್ಪ ಒಂದೊಂದನ್ನೇ ನೋಡಿದ. "ಫೋಕಸ್ ಭಾಳ ಛಲೋ ಬಂದದ," ಎಂದ. ಮರುದಿನ ಬಸ್ಸಿನಲ್ಲಿ ಫೋಟೋಗಳು ನನ್ನ ಚೀಲದಲ್ಲಿದ್ದವು, ಚಾಂದ್ ಕಾಕಾನ ಕೂಗು ಅಪ್ಪನ ಮೊಬೈಲಿನಲ್ಲಿ.

ಸನ್ನತಿಯಲ್ಲಿ ಹೊಳೆ ತುಂಬಿ ನಿಂತಿತ್ತು. ಹಣಮಮ್ಮನ ಮನೆ ಹಳೆಯ ಘಾಟಿನ ಮೆಟ್ಟಿಲುಗಳ ಪಕ್ಕದಲ್ಲೇ. ಒಬ್ಬಳೇ ಇರುತ್ತಾಳೆ ಅಂದುಕೊಂಡಿದ್ದೆವು. ಬೇವಿನಮರದ ಕೆಳಗೆ ಚಾಪೆ ಹಾಸಿ ಹನ್ನೆರಡು ಹದಿಮೂರು ಜನ ಕೂತಿದ್ದರು. ಹೊಳೆದಂಡೆಯ ಮನೆಗಳ ಮುದುಕರು, ಸೊಸೆಯಂದಿರು, ನಡುವೆ ಒಂದು ಪರಾತ ತುಂಬ ಹುರಿದ ಶೇಂಗಾ. ಅಣವೀರ ಮದುವೆಗಳಿಗೆ ಬಾಡಿಗೆ ಕೊಡುವ ದೊಡ್ಡ ಸ್ಪೀಕರನ್ನು ತಂದು ಮೆಟ್ಟಿಲ ಮೇಲಿಟ್ಟಿದ್ದ.

"ಎಲ್ಲಾರೂ ಕೇಳಲಿ ಅಂತ ಕರ್ದೀನಿ," ಎಂದಳು ಹಣಮಮ್ಮ. ತಲೆಗೆ ಎಣ್ಣೆ ಹಚ್ಚಿ ಬಾಚಿಕೊಂಡಿದ್ದಳು, ಹೊಸ ಇಳಕಲ್ ಸೀರೆ ಉಟ್ಟಿದ್ದಳು.

ನಾನು ಅಪ್ಪನ ಮೊಣಕೈ ಹಿಡಿದೆ. ಅವನು ಬಿಡಿಸಿಕೊಂಡು ಮೊಬೈಲನ್ನು ಅಣವೀರನಿಗೆ ಕೊಟ್ಟ.

ಸ್ಪೀಕರ್ ಒಮ್ಮೆ ಗರಗರ ಅಂದಿತು. ಆಮೇಲೆ ಕೂಗು ಎದ್ದಿತು. ನೀರಿನ ಮೇಲೆ ಹೋಯಿತು. ಬೇವಿನಮರದಿಂದ ಎರಡು ಕಾಗೆ ಹಾರಿದವು.

ಮುದುಕ ಗುರುಲಿಂಗಯ್ಯ ತಲೆ ತೂಗಿದ. "ಹೌದೌದು, ಖಂಡಪ್ಪಂದೇ. ನಾ ಎಲ್ಲಿದ್ರೂ ಗುರ್ತ ಹಿಡೀತೀನಿ." ಇನ್ನೊಬ್ಬಳು ಸೆರಗಿನಿಂದ ಕಣ್ಣೊರೆಸಿಕೊಂಡಳು. ಅಪ್ಪನ ಮುಖ ಬೆಳಗಿತು, ಬೆಳಗಬಾರದಿತ್ತು.

"ಇನ್ನೊಮ್ಮಿ ಹಚ್ಚು," ಎಂದಳು ಹಣಮಮ್ಮ.

ಅಣವೀರ ಮತ್ತೆ ಹಚ್ಚಿದ. ಅವಳು ಕಣ್ಣು ಮುಚ್ಚಿ ಕೇಳಿದಳು. ತೆರೆದಾಗ ನೇರ ಅಪ್ಪನನ್ನು ನೋಡಿದಳು.

"ಇಂವ ಯಾರು?"

"ನಿಮ್ಮ ಯಜಮಾನ್ರೇ, ಅಕ್ಕಾರ."

"ಇಂವ ಗಡಬಡಿ ಮಾಡ್ಲಿಕತ್ತಾನಲ್ಲೋ. ಹೊಳಿ ಮ್ಯಾಲ ಯಾರರ ಗಡಬಡಿ ಮಾಡ್ತಾರೇನು? ಎರಡ ನಿಮಿಷದಾಗ ಗಾಡಿ ಬಿಡ್ತದ ಅನ್ನಂಗ ಒದರಾಕತ್ತಾನ."

ಚಾಂದ್ ಕಾಕಾ ಮೂವತ್ತೈದು ವರ್ಷ ಕೂಗಿದ್ದು ಹಾಗೇ. ಗಾಡಿ ನಿಲ್ಲುವ ಅಷ್ಟು ಹೊತ್ತಿನಲ್ಲಿ ಹತ್ತು ಡಬ್ಬಿಯ ಕಿಟಕಿಗಳಿಗೆ ಕೇಳಬೇಕು. ವಾಡಿಯಲ್ಲಿ ಬೆಳೆದ ಅಪ್ಪನಿಗೂ ನನಗೂ ಕೂಗು ಎಂದರೆ ಅದೇ. ಅದರಲ್ಲಿ ಅವಸರ ಇದೆ ಅಂತ ನಮಗೆ ಗೊತ್ತೇ ಆಗಿರಲಿಲ್ಲ.

ಗುರುಲಿಂಗಯ್ಯ ಗಂಟಲು ಸರಿಮಾಡಿಕೊಂಡ. "ನನಗೂ ಜರಾ ಸಂಶೆ ಬಂದಿತ್ತು."

"ನಿನಗ ಏನ್ ಬಂದಿತ್ತೋ, ಸುಮ್ಕಿರು," ಎಂದಳು ಹಣಮಮ್ಮ.

ಅಪ್ಪ ಎದ್ದು ನಿಂತ. ಆಮೇಲೆ, ನಿಂತು ಹೇಳುವ ಮಾತಲ್ಲ ಅನ್ನಿಸಿತೋ ಏನೋ, ಮೆಟ್ಟಿಲ ಮೇಲೆ ಕೂತ. ಎಲ್ಲವನ್ನೂ ಹೇಳಿದ. ವಿಡಿಯೋ ಅಲ್ಲವೆಂದು, ಅದರಲ್ಲಿ ಎಂದೂ ಯಾರ ಅವಾಜೂ ಹಿಡಿದಿಲ್ಲವೆಂದು, ಹರಗೋಲಿನಲ್ಲಿ ಸಾಹೇಬ್ರ ಎಂದು ಜಾಗ ಕೊಟ್ಟ ಮನುಷ್ಯನಿಗೆ ಇಲ್ಲ ಎನ್ನಲು ಬಾಯಿ ಬರಲಿಲ್ಲವೆಂದು. ಚಾಂದ್ ಕಾಕಾನ ಹೆಸರನ್ನೂ ಹೇಳಿದ, ಗಣಿಯನ್ನೂ ಹೇಳಿದ. ಹೇಳುವಾಗ ತನ್ನ ಚಪ್ಪಲಿಯ ಉಂಗುಟವನ್ನು ಎಳೆಯುತ್ತಲೇ ಇದ್ದ, ಅದು ಕಿತ್ತು ಕೈಗೆ ಬಂತು.

"ಭಾಡ್ಯಾ," ಎಂದಳು ಹಣಮಮ್ಮ. ಜೋರಾಗಿ ಅಲ್ಲ. "ನಾ ಅಳಲಿಲ್ಲಲ್ಲೋ. ಅವಾಜ್ ಅದ ಅಂತ ನಾ ಅಳಲಿಲ್ಲ. ಊರ ಮಂದಿ ಏನಂದ್ರು ಗೊತ್ತೇನು? ಕಲ್ಲ ಎದಿಯಾಕಿ ಅಂದ್ರು."

ಶೇಂಗಾ ಸುಲಿಯುತ್ತಿದ್ದವರ ಕೈಗಳೆಲ್ಲ ನಿಂತಿದ್ದವು. ಅಪ್ಪ ಕಿತ್ತ ಉಂಗುಟವನ್ನು ಹಿಡಿದುಕೊಂಡು ಕೂತಿದ್ದ. ನಾನು ಚೀಲದಿಂದ ಫೋಟೋಗಳನ್ನು ತೆಗೆದು ಅವಳ ಮುಂದೆ ಮೆಟ್ಟಿಲ ಮೇಲೆ ಒಂದೊಂದಾಗಿ ಹರಡಿದೆ. ಹದಿನಾಲ್ಕು. ಗಾಳಿಗೆ ಹಾರದಂತೆ ಒಂದೊಂದರ ಮೇಲೆ ಒಂದೊಂದು ಶೇಂಗಾ ಇಟ್ಟೆ.

ಅವಳು ಬಹಳ ಹೊತ್ತು ಬಗ್ಗಲಿಲ್ಲ. ಬಗ್ಗಿದ್ದು ಅಣವೀರ.

"ದೊಡ್ಡವ್ವಾ, ದೊಡ್ಡಪ್ಪನ ಹಲ್ಲ ನೋಡಬೇ. ಎಲ್ಲಾ ಅದಾವ!"

"ಅವಗ ಕಡೀತನ ಎಲ್ಲಾ ಇದ್ದವು," ಎಂದಳು ತಿರುಗದೆಯೇ. ಆಮೇಲೆ ತಿರುಗಿದಳು.

ಒಬ್ಬೊಬ್ಬರಾಗಿ ಎಲ್ಲರೂ ಹತ್ತಿರ ಸರಿದರು. ಯಾವ ಫೋಟೋದಲ್ಲಿ ಕೂಗು ಎಲ್ಲಿಗೆ ಮುಟ್ಟಿದೆ ಅಂತ ಚರ್ಚೆ ಎದ್ದಿತು. ಆರನೆಯದು 'ರೋ' ಅಂತ ಒಬ್ಬಳು. ಅಲ್ಲ, ಅದು ಉಸಿರು ಹಿಡಿದದ್ದು, 'ರೋ' ಇನ್ನೂ ಮುಂದೆ ಅಂತ ಇನ್ನೊಬ್ಬ. ಗುರುಲಿಂಗಯ್ಯ ತಾನೇ ಬಾಯಿ ತೆರೆದು ತೋರಿಸಲು ಹೋದ. "ನಿನ್ನ ಬಾಯಿ ಮುಚ್ಚೋ, ಅಲ್ಲಿ ಹಲ್ಲಿಲ್ಲ, ಏನ್ ತಿಳೀತದ," ಅಂತ ಯಾರೋ ಅಂದರು.

ಅಣವೀರ ಊರ ಕಟ್ಟೆಯಲ್ಲಿ ಇಸ್ಪೀಟು ಆಡುವವನು. ಕೈಗೆ ಸಿಕ್ಕಿದ್ದನ್ನೆಲ್ಲ ಜೋಡಿಸುವ ಚಟ. ಶೇಂಗಾ ಸರಿಸಿ ಫೋಟೋಗಳನ್ನು ಸಾಲಿನ ಪ್ರಕಾರ ಒಂದರ ಮೇಲೊಂದು ಪೇರಿಸಿದ, ಅಂಚು ತಟ್ಟಿ ಸಮ ಮಾಡಿದ, ಎಲೆ ಹಂಚುವ ಮೊದಲು ಮಾಡುವಂತೆ ಹೆಬ್ಬೆರಳಿನಿಂದ ಫರ್ರ್ ಅಂತ ಬಿಟ್ಟ. ಬಿಟ್ಟವನು ಹಾಗೇ ನಿಂತುಬಿಟ್ಟ.

"ಏ. ಏ ದೊಡ್ಡವ್ವಾ. ಬಾ ಇಲ್ಲಿ."

ಮತ್ತೊಮ್ಮೆ ಬಿಟ್ಟ. ಖಂಡಪ್ಪನ ಎದೆ ಉಬ್ಬಿತು, ಕೈ ಮೇಲೆದ್ದವು, ಬಾಯಿ ತೆರೆಯಿತು, ಅಗಲವಾಯಿತು, ಮುಚ್ಚಿತು, ಕೈ ಇಳಿದವು.

ಮೂವತ್ತು ವರ್ಷ ಆ ಕ್ಯಾಮೆರಾದ ಜೊತೆ ಬಾಳಿದ ಅಪ್ಪನಿಗೂ, ಅದರ ಬಗ್ಗೆ ಎಲ್ಲ ತಿಳಿದಿದೆ ಅಂದುಕೊಂಡ ನನಗೂ ಇದು ಹೊಳೆದಿರಲಿಲ್ಲ. ಹಣಮಮ್ಮ ಅಣವೀರನ ಕೈಯಿಂದ ಆ ಕಟ್ಟನ್ನು ಕಸಿದುಕೊಂಡಳು. ಅವಳ ಬೆರಳುಗಳು ಬಿರುಸು, ಫರ್ರ್ ಎನ್ನಿಸಲು ಬರಲಿಲ್ಲ. ಎರಡು ಸಲ ಫೋಟೋಗಳು ಚೆಲ್ಲಿದವು. ಅಣವೀರ ತೋರಿಸಿಕೊಡಲು ಬಂದರೆ ಕೈ ತಳ್ಳಿದಳು.

"ನೀನೂ ಗಡಬಡೀನೇ. ಇಷ್ಟ ಜಲ್ದಿ ಮುಗೀತಿತ್ತೇನು ಅವಂದು?"

ಕೊನೆಯ ಮೆಟ್ಟಿಲಿಗೆ ಇಳಿದು ಕೂತಳು, ಕಾಲು ನೀರಿನಲ್ಲಿ. ಬೆರಳನ್ನು ನಾಲಗೆಗೆ ಒತ್ತಿ ಮೊದಲ ಫೋಟೋ ತಿರುವಿದಳು. ಎರಡನೆಯದು. ಮೂರನೆಯದಕ್ಕೆ ತಾನೂ ಉಸಿರೆಳೆದುಕೊಂಡಳು. ನಾಲ್ಕನೆಯದಕ್ಕೆ ಕೂಗಿದಳು.

"ನಿಂದ..."

ಐದು, ಆರು, ಏಳು. ಒಂದೊಂದು ಫೋಟೋವನ್ನೂ ಅದಕ್ಕೆ ಬೇಕಾದಷ್ಟು ಹೊತ್ತು ಹಿಡಿದಳು. ಎಂಟನೆಯದನ್ನು ಬಹಳ ಹೊತ್ತು ಹಿಡಿದಳು. "ರ್‍ರೋ" ಅಲ್ಲೇ ಇತ್ತು. ಅವಳ ದನಿ ಗಂಡಸಿನದಲ್ಲ, ತೆಳ್ಳಗೆ, ಅಂಚಿನಲ್ಲಿ ಒಡೆದದ್ದು. ಆದರೆ ಅದರಲ್ಲಿ ಸ್ವಲ್ಪವೂ ಅವಸರ ಇರಲಿಲ್ಲ. ನೀರು ಎಷ್ಟು ಅಗಲ ಇದೆಯೋ ಅಷ್ಟು ಉದ್ದ ಇತ್ತು. ಹನ್ನೊಂದು, ಹನ್ನೆರಡು. "ಬಂದ್ನೋ." ಹದಿಮೂರು. ಹದಿನಾಲ್ಕನೆಯದನ್ನು ತಿರುವಿ, ಗಂಡ ನೋಡುತ್ತಿದ್ದ ಕಡೆಗೆ ತಾನೂ ನೋಡಿದಳು.

ಆಚೆ ದಂಡೆಯಲ್ಲಿ ಯಾರೋ ಎಮ್ಮೆಯ ಮೈ ತೊಳೆಯುತ್ತಿದ್ದ. ಎದ್ದು ನಿಂತು ಹಣೆಗೆ ಕೈ ಅಡ್ಡ ಹಿಡಿದು ನೋಡಿದ. ಸ್ವಲ್ಪ ಹೊತ್ತಿನ ಮೇಲೆ ಅವನ ದನಿ ನೀರಿನ ಮೇಲಿಂದ ಬಂತು.

"ನಿಂತೇ ಇದ್ದೀನಬೇ! ಬ್ರಿಡ್ಜ್ ಮ್ಯಾಲ ಬಾ!"

ಮರದ ಕೆಳಗೆ ಕೂತವರೆಲ್ಲ ನಕ್ಕರು. ಹಣಮಮ್ಮ ನಕ್ಕಳು, ನಗುತ್ತಲೇ ಅವಳ ಕಣ್ಣಿನಿಂದ ನೀರು ಇಳಿಯಿತು. ಹನ್ನೊಂದು ವರ್ಷದ್ದು ಇರಬೇಕು, ಬಹಳ ಹೊತ್ತು ಇಳಿಯಿತು. ಯಾರೂ ಅವಳನ್ನು ಸಮಾಧಾನ ಮಾಡಲು ಹೋಗಲಿಲ್ಲ. ಅವಳಿಗೂ ಅದು ಬೇಕಾಗಿದ್ದಂತೆ ಕಾಣಲಿಲ್ಲ.

"ರೆಕಾರ್ಡ್ ಮಾಡ್ಕೊಂಡ್ಯೇನೋ?" ಎಂದು ಯಾರೋ ಅಣವೀರನನ್ನು ಕೇಳಿದರು.

ಅವನು ತಲೆಯ ಮೇಲೆ ಕೈ ಇಟ್ಟುಕೊಂಡ. "ಯಪ್ಪಾ, ಮರ್ತೆ. ದೊಡ್ಡವ್ವಾ, ಇನ್ನೊಮ್ಮಿ ಕೂಗಬೇ."

"ಹೋಗಲೋ. ನನಗೇನ್ ಬ್ಯಾರೆ ಕೆಲಸಿಲ್ಲೇನು?" ಮೂಗು ಒರೆಸಿಕೊಂಡು ಮೆಟ್ಟಿಲು ಹತ್ತಿ ಬಂದಳು. ಅಪ್ಪನ ಮುಂದೆ ನಿಂತಳು. ಅವನು ಎದ್ದು ನಿಲ್ಲಲು ಹೋದ.

"ಕುಂದರು. ರೊಟ್ಟಿ ಮಾಡೀನಿ, ಪುಂಡಿಪಲ್ಯ ಮಾಡೀನಿ. ಉಂಡು ಹೋಗೂದು. ಮೊದಲ ಇದನ್ನ ಹೊಲಿ. ಬಿಡಿ ಇದ್ರ ಗಾಳಿಗಿ ಹೋಗ್ತಾವ."

ಸೊಸೆಯೊಬ್ಬಳು ಕೌದಿ ಹೊಲಿಯುವ ದಪ್ಪ ಸೂಜಿಯನ್ನೂ ಕೆಂಪು ದಾರವನ್ನೂ ತಂದು ಕೊಟ್ಟಳು. ಅಪ್ಪ ಕನ್ನಡಕ ಹಾಕಿಕೊಂಡು ಸೂಜಿಗೆ ದಾರ ಪೋಣಿಸಿದ. ಹದಿನಾಲ್ಕು ಫೋಟೋಗಳ ಎಡ ಅಂಚನ್ನು ಮೊಳಕಾಲಿನ ಮೇಲೆ ಸಮ ಮಾಡಿಕೊಂಡು ಚುಚ್ಚಿದ. ಅಷ್ಟು ದಪ್ಪ ಒಂದೇ ಸಲಕ್ಕೆ ಹಾಯಲಿಲ್ಲ, ಮೆಟ್ಟಿಲ ಕಲ್ಲಿಗೆ ಒತ್ತಿ ಹಾಯಿಸಿದ. ಹಣಮಮ್ಮ ಪಕ್ಕದಲ್ಲಿ ಕೂತು ಶೇಂಗಾ ಸುಲಿಯುತ್ತ ನೋಡುತ್ತಿದ್ದಳು.

"ಮುಖದ ಹತ್ತರ ಹೋಗಬ್ಯಾಡ. ಅಂಚಿಗಿ. ಇನ್ನಾ ಅಂಚಿಗಿ."

"ಹೋಗಂಗಿಲ್ರಿ ಅಕ್ಕಾರ."

"ಬಿಗಿ ಹಾಕು."

ಅಪ್ಪ ಬಿಗಿಯಾಗಿ ಎಳೆದ. ಅವಳು ಸುಲಿದ ಕಾಳುಗಳನ್ನು ಅರ್ಧ ತನ್ನ ಬಾಯಿಗೆ ಹಾಕಿಕೊಂಡು, ಉಳಿದರ್ಧವನ್ನು ಅವನ ಪಕ್ಕದಲ್ಲಿ ಕಲ್ಲಿನ ಮೇಲೆ ಇಟ್ಟಳು. ಅವನು ಹೊಲಿಗೆ ನಿಲ್ಲಿಸದೆ ಎಡಗೈಯಿಂದ ಒಂದೊಂದೇ ಎತ್ತಿ ತಿನ್ನತೊಡಗಿದ.